ನೇಪಲ್ಸ್‌ನಲ್ಲಿ ಹಡಗು ನಿಲ್ಲೋದು ಹತ್ತೇ ತಾಸು: ಪೊಂಪೇಯಿ ನೋಡಿ ಹೊತ್ತಿಗೆ ಸರಿಯಾಗಿ ವಾಪಸ್ ಬರಬಹುದೇ?

ಶಿರಸಿ_ಸೊಪ್ಪಿನಬೆಟ್ಟ

ನಮಸ್ಕಾರ. ಅಕ್ಟೋಬರ್ ಮೂರನೇ ವಾರ ಬಾರ್ಸಿಲೋನಾದಿಂದ ಏಳು ರಾತ್ರಿಯ ಕ್ರೂಸ್ ಬುಕ್ ಆಗಿದೆ. ಮಾರ್ಸೆ, ಜಿನೋವಾ, ನೇಪಲ್ಸ್, ಪಲೆರ್ಮೊ, ಟುನಿಸ್, ಮತ್ತೆ ಬಾರ್ಸಿಲೋನಾ. ಇಟಲಿಯ ನೇಪಲ್ಸ್‌ನಲ್ಲಿ ಬೆಳಿಗ್ಗೆ 8ಕ್ಕೆ ಹಡಗು ಕಟ್ಟುತ್ತದೆ, ಸಂಜೆ 6ಕ್ಕೆ ಬಿಡುತ್ತದೆ. 5.30ರೊಳಗೆ ಎಲ್ಲರೂ ಹಡಗಿನಲ್ಲಿರಬೇಕು ಅಂತ ಬರೆದಿದ್ದಾರೆ. ಹೋಗುವವರು ಯಜಮಾನರು, ನಾನು, 14 ವರ್ಷದ ಮಗ, 68 ವರ್ಷದ ಅತ್ತೆ. ಅತ್ತೆಗೆ ಮೊಣಕಾಲು ನೋವು. ಸಮತಟ್ಟು ನೆಲವಾದರೆ ಒಂದು ಕಿಲೋಮೀಟರ್ ನಡೆಯುತ್ತಾರೆ, ಮೆಟ್ಟಿಲು ಕಷ್ಟ. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಪೊಂಪೇಯಿ ನೋಡುವ ಆಸೆ, ಆದರೆ ಹಡಗಿನವರ ಟೂರ್ ನಾಲ್ಕು ಜನಕ್ಕೆ ದುಬಾರಿ ಆಗ್ತಾ ಇದೆ. ನಾವೇ ರೈಲಿನಲ್ಲಿ ಹೋಗಿಬರಬಹುದಾ? ಅದೇ ದಿನ ಕಾಪ್ರಿ ದ್ವೀಪವನ್ನೂ ಸೇರಿಸಬಹುದು ಅಂತ ಒಬ್ಬರು ಹೇಳಿದರು. ಊಟಕ್ಕೆ ಏನು ಸಿಗುತ್ತದೆ? ಇನ್ನೊಂದು, ನಮ್ಮ ಏಜೆಂಟರು ಸಿಂಗಲ್ ಎಂಟ್ರಿ (ಒಂದೇ ಸಲ ಒಳಗೆ ಬಿಡುವ) ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ಸಾಕು ಅನ್ನುತ್ತಾರೆ. ಅದು ಸರಿಯಾ?

ಬೈತಖೋಲ್_ಡೆಕ್

ಅಕ್ಕ, ಪೊಂಪೇಯಿ ಸ್ವಂತವಾಗಿ ಖಂಡಿತ ಆಗುತ್ತದೆ. ಕಾಪ್ರಿ ಮಾತ್ರ ಬಿಟ್ಟುಬಿಡಿ. ಕಾಪ್ರಿಗೆ ಹೋಗುವ ವೇಗದ ದೋಣಿಗಳು ಕ್ರೂಸ್ ಕಟ್ಟೆಯ ಪಕ್ಕದ ಮೋಲೊ ಬೆವೆರೆಲ್ಲೊದಿಂದಲೇ ಹೊರಡುತ್ತವೆ, ಒಂದು ತಾಸಿನೊಳಗೆ ಮುಟ್ಟಿಸುತ್ತವೆ. ಹತ್ತಿರ ಅಂತ ಜನ ಹೊರಡುವುದು ಅದಕ್ಕೇ. ಅಕ್ಟೋಬರ್‌ನಲ್ಲಿ ಕಡಲು ಎದ್ದರೆ ಮೊದಲು ರದ್ದಾಗುವುದೂ ಇದೇ ದೋಣಿಗಳು. ಆಗ ದ್ವೀಪದಿಂದ ಹೊತ್ತಿಗೆ ಸರಿಯಾಗಿ ಬರುವುದು ಖಾತ್ರಿ ಇರುವುದಿಲ್ಲ.

ದಿನದ ಲೆಕ್ಕವನ್ನು ಸಂಜೆಯಿಂದ ಹಿಂದಕ್ಕೆ ಹಾಕಿ. 5.30 ಗಡುವು. ಪೊಂಪೇಯಿಯಿಂದ 3ರ ಸುಮಾರಿನ ರೈಲು ಹಿಡಿದರೆ 3.40ಕ್ಕೆ ನೇಪಲ್ಸ್, ಮೆಟ್ರೊ ಹಿಡಿದು ನಡೆದು 4.15ಕ್ಕೆ ಹಡಗು. ರೈಲುಗಳು ಸುಮಾರು ಅರ್ಧ ತಾಸಿಗೊಂದು. ಅಂದರೆ ಎರಡು ರೈಲು ಕೈಕೊಟ್ಟರೂ 5.15ಕ್ಕೆ ಹಡಗಿನಲ್ಲಿರುತ್ತೀರಿ. ಈ ಎರಡು ರೈಲಿನ ಸಡಿಲು ಬಿಡದೆ ಯೋಜನೆ ಹಾಕಬೇಡಿ, ಯಾಕೆಂದರೆ ಸರ್ಕುಮ್‌ವೆಸುವಿಯಾನಾ ಎಂಬ ಆ ಲೋಕಲ್ ರೈಲು ಹಳೆಯದು. ತಡವಾಗುತ್ತದೆ, ಕೆಲವು ಸಲ ಹೇಳದೇ ರದ್ದಾಗುತ್ತದೆ.

ಬೆಳಗಿನ ದಾರಿ ಹೀಗೆ. ಹಡಗು ನೇರ ಕಟ್ಟೆಗೇ ಕಟ್ಟುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಬರುವ ರಗಳೆ ಇಲ್ಲ. 8ಕ್ಕೆ ಕಟ್ಟಿದರೂ ಇಳಿಯಲು ಬಿಡುವುದು 8.30ರ ಹೊತ್ತಿಗೆ, ಹಡಗಿನ ಟೂರ್ ಗುಂಪುಗಳು ಮೊದಲು ಇಳಿಯುತ್ತವೆ. ಟರ್ಮಿನಲ್‌ನಿಂದ ಹೊರಬಿದ್ದರೆ ಎದುರಿಗೇ ಕಾಸ್ತೆಲ್ ನುವೊವೊ ಕೋಟೆಯ ದಪ್ಪ ಗೋಪುರಗಳು. ಅದರ ಮಗ್ಗುಲಲ್ಲೇ ಮುನಿಚಿಪಿಯೊ ಮೆಟ್ರೊ ನಿಲ್ದಾಣ, ಹತ್ತು ನಿಮಿಷದ ನಡಿಗೆ. ಲೈನ್ 1ರಲ್ಲಿ ಗರಿಬಾಲ್ಡಿ ಕಡೆಗೆ ಮೂರನೇ ನಿಲ್ದಾಣಕ್ಕೆ ಇಳಿಯಿರಿ. ಅಲ್ಲಿಂದ ಸರ್ಕುಮ್‌ವೆಸುವಿಯಾನಾ ಫಲಕ ನೋಡುತ್ತಾ ಹೋಗಿ. ಅದಕ್ಕೆ ಟಿಕೆಟ್ ಬೇರೆ, ಮೆಟ್ರೊ ಟಿಕೆಟ್ ನಡೆಯುವುದಿಲ್ಲ.

ಎಡವುವುದು ಇಲ್ಲೇ. ನಿಮಗೆ ಬೇಕಾದದ್ದು ಸೊರೆಂತೊ ಕಡೆಯ ರೈಲು, ಇಳಿಯಬೇಕಾದ ನಿಲ್ದಾಣ "ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ". ಹೆಸರಿನಲ್ಲಿ "ಪೊಂಪೇಯಿ" ಇರುವ ಬೇರೆ ನಿಲ್ದಾಣಗಳೂ ಇವೆ. ಒಂದು ಪೊಜ್ಜೊಮರೀನೊ ಕಡೆಯ ಲೈನಿನದು, ಇನ್ನೊಂದು ಸರ್ಕಾರಿ ದೊಡ್ಡ ರೈಲಿನದು. ಅಲ್ಲಿ ಇಳಿದರೆ ಈಗಿನ ಪೊಂಪೇಯಿ ಪಟ್ಟಣ ಸೇರುತ್ತೀರಿ, ಹಳೇ ಊರಿನ ಮುಖ್ಯ ಬಾಗಿಲು ಆಚೆ ತುದಿಯಲ್ಲಿರುತ್ತದೆ. ತಪ್ಪು ರೈಲು ಹತ್ತಿದ್ದು ಗೊತ್ತಾದರೆ ತೊರ್ರೆ ಅನ್ನುನ್ಸಿಯಾತಾದಲ್ಲಿ ಇಳಿದು ಬದಲಾಯಿಸಿ, ಲೈನುಗಳು ಒಡೆಯುವುದು ಅಲ್ಲಿ. ದೂರ ನಮ್ಮ ಕುಮಟಾ–ಹೊನ್ನಾವರಕ್ಕಿಂತ ಸ್ವಲ್ಪ ಹೆಚ್ಚು, ಆದರೆ ಎಲ್ಲಾ ಕಡೆ ನಿಲ್ಲುವುದರಿಂದ 35–40 ನಿಮಿಷ ಬೇಕು.

ಗರಿಬಾಲ್ಡಿಯಲ್ಲಿ ನೂಕುನುಗ್ಗಲು. ಆ ರೈಲು ಹೊರಡುವುದು ಒಂದು ನಿಲ್ದಾಣ ಹಿಂದಿನ ಪೋರ್ತಾ ನೋಲಾನಾದಿಂದ. ಅತ್ತೆಯವರಿಗೆ ಕೂರಲು ಜಾಗ ಬೇಕಾದರೆ ಬಂದರಿನಿಂದ ಟ್ಯಾಕ್ಸಿಯಲ್ಲಿ ಅಲ್ಲಿಗೇ ಹೋಗಿ ಹತ್ತಿ. ಜೇಬುಗಳ್ಳರ ಕಾಟಕ್ಕೆ ಈ ರೈಲು ಹೆಸರುವಾಸಿ. ಬಾಗಿಲ ಹತ್ತಿರ ನಿಲ್ಲಬೇಡಿ, ಬೆನ್ನಚೀಲ ಎದೆಗೆ ಹಾಕಿಕೊಳ್ಳಿ.

ಹೊರಡುವ ಹಿಂದಿನ ದಿನ "ಶೋಪೆರೊ" ಇದೆಯೇ ನೋಡಿ. ಅಂದರೆ ಮುಷ್ಕರ. ಅಲ್ಲಿ ಮುಷ್ಕರವನ್ನು ಮುಂಚೆಯೇ ಘೋಷಿಸುತ್ತಾರೆ, ದಿನದ ಕೆಲವು ತಾಸು ಮಾತ್ರ ರೈಲು ಓಡಿಸುತ್ತಾರೆ. ಅಂಥ ದಿನವಾದರೆ ಹಡಗಿನವರ ಟೂರ್ ತಗೊಳ್ಳಿ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ದುಡ್ಡು ಹೆಚ್ಚು ಕೊಡುವುದು ಮುಖ್ಯವಾಗಿ ಈ ಒಂದು ಭರವಸೆಗೆ.

ಅಘನಾಶಿನಿ_ದಡ

ಮೇಲಿನವರು ಹೇಳಿದ ರೈಲಿನ ಲೆಕ್ಕ ಸರಿ ಇದೆ. ನನಗೆ ಚಿಂತೆ ಅತ್ತೆಯವರ ಮೊಣಕಾಲಿನದು.

ಪೊಂಪೇಯಿಯಲ್ಲಿ ಅಗೆದು ತೆರೆದ ಜಾಗವೇ 40 ಹೆಕ್ಟೇರ್ ಮೀರುತ್ತದೆ, ನೆರಳು ಕಡಿಮೆ. ಬೀದಿಗೆ ಹಾಸಿದ್ದು ಕಪ್ಪು ಲಾವಾ ಕಲ್ಲು. ನಮ್ಮ ಚಿರೇಕಲ್ಲಿನ ಹಾಗೆ ಪಾದ ಹಿಡಿಯುವ ಕಲ್ಲಲ್ಲ. ಎರಡು ಸಾವಿರ ವರ್ಷ ತುಳಿದು ನುಣುಪಾಗಿದೆ, ಒಂದೊಂದು ಕಲ್ಲೂ ಗುಡ್ಡದ ಹಾಗೆ ಉಬ್ಬಿದೆ. ಗಾಡಿಚಕ್ರ ಕೊರೆದ ಜಾಡು ಬೆರಳುದ್ದ ಆಳ ಇರುತ್ತದೆ, ಪಾದ ಅದರಲ್ಲಿ ಸಿಕ್ಕಿಕೊಂಡರೆ ಕಾಲು ತಿರುಚುತ್ತದೆ. ಬೀದಿ ದಾಟಲು ಮಧ್ಯೆ ಎತ್ತರದ ಕಲ್ಲುಗಳಿವೆ, ಒಂದರಿಂದ ಒಂದಕ್ಕೆ ಹೆಜ್ಜೆ ಹಾಕಬೇಕು. ಅಕ್ಟೋಬರ್ ಅಲ್ಲಿ ಮಳೆ ಶುರುವಾಗುವ ಕಾಲ, ಒದ್ದೆಯಾದರೆ ಇನ್ನೂ ಜಾರುತ್ತದೆ. ಗಾಲಿಕುರ್ಚಿಗೆಂದು ಪಿಯಾಜ್ಜಾ ಅನ್ಫಿತೆಯಾತ್ರೊ ಬಾಗಿಲಿನಿಂದ ಸಮತಟ್ಟು ದಾರಿ ಮಾಡಿದ್ದಾರೆ ನಿಜ, ಆದರೆ ಅದೂ ಮೂರು ಕಿಲೋಮೀಟರ್ ಮೀರುತ್ತದೆ.

ಆದ್ದರಿಂದ ಎರಡು ದಾರಿ. ಒಂದು, ಗುಂಪು ಒಡೆಯಿರಿ: ಮಗ ಮತ್ತು ಒಬ್ಬರು ಪೊಂಪೇಯಿಗೆ, ಅತ್ತೆಯವರ ಜೊತೆ ಇನ್ನೊಬ್ಬರು ನೇಪಲ್ಸ್‌ನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಂಗೆ. ಅದೇ ಲೈನ್ 1ರಲ್ಲಿ ಎದುರು ದಿಕ್ಕಿಗೆ ಮೂರನೇ ನಿಲ್ದಾಣ, ಹೆಸರೇ "ಮುಸೇಯೊ". ಪೊಂಪೇಯಿಯ ಒಳ್ಳೊಳ್ಳೆ ಭಿತ್ತಿಚಿತ್ರ, ಮೊಸಾಯಿಕ್ ಎಲ್ಲ ಇರುವುದು ಅಲ್ಲಿ. ಸ್ಥಳದಲ್ಲಿ ಅನೇಕ ಕಡೆ ನಕಲು ಮಾತ್ರ. ಮಂಗಳವಾರ ರಜೆ, ದಿನ ನೋಡಿಕೊಳ್ಳಿ.

ಎರಡನೆಯದು ನನಗೆ ಹೆಚ್ಚು ಇಷ್ಟವಾದದ್ದು: ಪೊಂಪೇಯಿ ಬಿಟ್ಟು ಎರ್ಕೊಲಾನೊ, ಹಳೇ ಹೆಸರು ಹರ್ಕ್ಯುಲೇನಿಯಂ. ಅದೇ ಸೊರೆಂತೊ ರೈಲು, ಸುಮಾರು 20 ನಿಮಿಷಕ್ಕೆ ಎರ್ಕೊಲಾನೊ ಸ್ಕಾವಿ ನಿಲ್ದಾಣ. ಅಲ್ಲಿಂದ ಒಂದೇ ನೇರ ಬೀದಿ, ಸಮುದ್ರದ ಕಡೆ ಹತ್ತು ನಿಮಿಷ ಇಳಿಜಾರು. ಬರುವಾಗ ಅದೇ ಏರು, ಅಲ್ಲಿ ಅತ್ತೆಯವರಿಗೆ ಟ್ಯಾಕ್ಸಿ ಮಾಡಿ. ಊರು ಚಿಕ್ಕದು, ಎರಡು ತಾಸಿಗೆ ನಿಧಾನವಾಗಿ ನೋಡಬಹುದು. ಪೊಂಪೇಯಿ ಮೇಲೆ ಬಿದ್ದದ್ದು ಹೆಚ್ಚಾಗಿ ಹಗುರ ಕಲ್ಲು, ಬೂದಿ. ಭಾರಕ್ಕೆ ಚಾವಣಿ ಕುಸಿದವು. ಇಲ್ಲಿ ಕುದಿಬಿಸಿಯ ಬೂದಿಪ್ರವಾಹ ನುಗ್ಗಿ ಇಪ್ಪತ್ತು ಮೀಟರ್ ಆಳಕ್ಕೆ ಊರನ್ನು ಹೂತಿತು. ಮರ ಉರಿಯದೆ ಇದ್ದಿಲಾಗಿ ಉಳಿಯಿತು. ಹಾಗಾಗಿ ಮಹಡಿಮನೆ, ತೊಲೆ, ಬಾಗಿಲಚೌಕಟ್ಟು ಈಗಲೂ ಕಾಣುತ್ತವೆ. ಕರಾವಳಿಯವರು ತಪ್ಪದೆ ನೋಡಬೇಕಾದದ್ದು ಕೆಳಗಿನ ದೋಣಿಮನೆಗಳನ್ನು. ಕಡಲದಾರಿಯಲ್ಲಿ ಪಾರಾಗಲು ಓಡಿ ಬಂದ ಸುಮಾರು 300 ಜನರ ಅಸ್ಥಿ 1980ರ ದಶಕದಿಂದ ಅಲ್ಲಿ ಸಿಕ್ಕಿವೆ. ಆಗ ಅದು ಸಮುದ್ರದ ಅಂಚು. ಈಗ ನಿಂತು ನೋಡಿದರೆ ಎದುರಿಗೆ ಬರೀ ಬೂದಿಗೋಡೆ, ಕಡಲು ನೂರಾರು ಮೀಟರ್ ಆಚೆ ಸರಿದಿದೆ.

ಪೊಂಪೇಯಿಗೇ ಹೋಗುವುದಾದರೆ ಟಿಕೆಟ್ ಮೊದಲೇ ಆನ್‌ಲೈನ್ ತೆಗೆಯಿರಿ. 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಿದ್ದಾರೆ, ಟಿಕೆಟ್ ಮೇಲೆ ಹೆಸರಿರುತ್ತದೆ, ಗುರುತಿನ ಚೀಟಿ ಬೇಕು. 18 ತುಂಬದವರಿಗೆ ಉಚಿತ, ಯಾವ ದೇಶದವರಾದರೂ ಸರಿ. ಮಗನ ಪಾಸ್‌ಪೋರ್ಟ್ ಪ್ರತಿ ಇಟ್ಟುಕೊಳ್ಳಿ. 30×30×15 ಸೆಂಟಿಮೀಟರ್‌ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಖಾಲಿ ಬಾಟಲಿ ಒಯ್ದರೆ ಸಾಕು, ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ.

ಮಗನಿಗೆ ಒಂದು ವಿಷಯ ಹೇಳಿ ಕರೆದುಕೊಂಡು ಹೋಗಿ. ಈ ಎರಡೂ ಊರುಗಳನ್ನು ಹೂತ, ಕ್ರಿ.ಶ. 79ರ ವೆಸುವಿಯಸ್ ಜ್ವಾಲಾಮುಖಿಯ ಸ್ಫೋಟ ಆಗಸ್ಟ್ 24ಕ್ಕೆ ಎಂದೇ ಬಹುಕಾಲ ಓದಿಸಿದರು. 2018ರಲ್ಲಿ ಗೋಡೆಯೊಂದರ ಮೇಲೆ ಇದ್ದಿಲಿನಲ್ಲಿ ಗೀಚಿದ ದಿನಾಂಕ ಸಿಕ್ಕಿತು, ನಮ್ಮ ಲೆಕ್ಕದಲ್ಲಿ ಅಕ್ಟೋಬರ್ 17. ಇದ್ದಿಲ ಬರಹ ಬಹಳ ದಿನ ಉಳಿಯುವಂಥದ್ದಲ್ಲ. ಹಾಗಾಗಿ ಸ್ಫೋಟ ಆದದ್ದು ಶರತ್ಕಾಲದಲ್ಲಿ ಎಂಬ ವಾದಕ್ಕೆ ಬಲ ಬಂತು. ನೀವು ಹೋಗುವುದೂ ಅದೇ ವಾರ.

ಬನವಾಸಿ_ಅನಾನಸು

ಊಟದ ವಿಷಯ. ಕಣ್ಣುಮುಚ್ಚಿ ತಿನ್ನಬಹುದಾದದ್ದು ಪಿಜ್ಜಾ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ. ಹೆಸರಿನಲ್ಲಿ ಸಮುದ್ರ ಇದ್ದರೂ ಮೀನಿಲ್ಲ, ಚೀಸೂ ಇಲ್ಲ. ಮಾರ್ಗರೀಟಾ ಕೂಡ ಸಸ್ಯಾಹಾರ ಎನ್ನುತ್ತಾರೆ, ಆದರೆ ಅಲ್ಲಿನ ಚೀಸಿಗೆ ಹಾಲು ಒಡೆಸಲು ಹೆಚ್ಚಾಗಿ ಕರುವಿನ ಜಠರದಿಂದ ತೆಗೆದ ರೆನೆಟ್ ಬಳಸುತ್ತಾರೆ. ಮಡಿ ಇರುವವರು ಮರಿನಾರಾದಲ್ಲೇ ಇರಿ.

ಸಿಹಿ, ಕುರುಕಲು ತಿಂಡಿಗಳಲ್ಲೇ ಹೆಚ್ಚು ಮೋಸ ಆಗುವುದು. ಪದರಪದರವಾದ ಸ್ಫೊಲ್ಯತೆಲ್ಲಾ ನೋಡಲು ನಮ್ಮ ಚಿರೋಟಿಯ ಹಾಗೆ ಇರುತ್ತದೆ. ಆ ಪದರ ಬಿಡಿಸುವುದು ಸಾಮಾನ್ಯವಾಗಿ ಹಂದಿಕೊಬ್ಬಿನಿಂದ. ಅಂಗಡಿಯಲ್ಲಿ ಗುಡ್ಡೆ ಹಾಕಿರುವ ಬಳೆಯಾಕಾರದ ತರಾಲ್ಲಿಯಲ್ಲೂ ಅದೇ. "ಸ್ತ್ರುತ್ತೊ" ಅಥವಾ "ಸುಂಯಾ" ಎಂಬ ಮಾತು ಕೇಳಿದರೆ ಹಂದಿಕೊಬ್ಬು ಎಂದು ತಿಳಿಯಿರಿ. ಆಲೂ ಬೋಂಡಾದಂಥ ಕ್ರೊಕ್ಕೆಯಲ್ಲಿ ಮೊಟ್ಟೆ ಇರುತ್ತದೆ, ಕರಿಯುವ ಎಣ್ಣೆಯಲ್ಲಿ ಮೀನೂ ಕರಿದಿರುತ್ತಾರೆ. "ಅಲೀಚಿ" ಅಥವಾ "ಅಚ್ಚೂಗೆ" ಅಂದರೆ ಸಣ್ಣ ಮೀನು. ಹೇಳಬೇಕಾದ ಮಾತು ಇಷ್ಟು: "ನಿಯೆಂತೆ ಕಾರ್ನೆ, ನಿಯೆಂತೆ ಪೇಶೆ, ನಿಯೆಂತೆ ಉವೊವಾ." ಮಾಂಸ, ಮೀನು, ಮೊಟ್ಟೆ ಬೇಡ ಎಂದರ್ಥ.

ಕಾಫಿಗೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಗೊಂಡು ಕೌಂಟರಿನಲ್ಲಿ ಕೊಡುವ ಪದ್ಧತಿ ಅನೇಕ ಕಡೆ ಇದೆ. ನಿಂತು ಕುಡಿದರೆ ಅಗ್ಗ, ಕೂತರೆ ದರ ಏರುತ್ತದೆ. ಬರೀ "ಲಾತ್ತೆ" ಕೇಳಬೇಡಿ, ಒಂದು ಲೋಟ ಹಾಲು ತಂದಿಡುತ್ತಾರೆ, "ಕಾಫೆಲಾತ್ತೆ" ಅನ್ನಿ. ಊಟದ ಹೋಟೆಲುಗಳು ಮೂರರ ಹೊತ್ತಿಗೆ ಅಡುಗೆಮನೆ ಮುಚ್ಚುತ್ತವೆ. ಬಿಲ್ಲಿನಲ್ಲಿ ತಲೆಗೆ ಇಷ್ಟು ಅಂತ "ಕೊಪೆರ್ತೊ" ಸೇರಿರುತ್ತದೆ, ಮೆನುವಿನಲ್ಲಿ ಬರೆದಿದ್ದರೆ ಜಗಳಕ್ಕೆ ಹೋಗಬೇಡಿ.

ಮನೆಯಿಂದ ಒಣ ತಿಂಡಿ ಒಯ್ಯಿರಿ, ಚಕ್ಕುಲಿ, ಹುರಿದ ಅವಲಕ್ಕಿ ಅಡ್ಡಿಯಿಲ್ಲ. ಹಾಲಿನ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ, ಪೇಡಾ ಮನೆಯಲ್ಲೇ ಇರಲಿ.

ಸದಾಶಿವಗಡ

ವೀಸಾ ಮಾತು ಯಾರೂ ಎತ್ತಲಿಲ್ಲ, ಇದು ಎಲ್ಲಕ್ಕಿಂತ ತುರ್ತು. ನಿಮ್ಮ ಹಡಗು ಟುನಿಸ್‌ಗೆ ಹೋಗುತ್ತದೆ. ಅದು ಆಫ್ರಿಕಾದ ಟುನೀಶಿಯಾದಲ್ಲಿದೆ, ಷೆಂಗೆನ್ ಆಚೆ. ಪಲೆರ್ಮೊ ಬಿಟ್ಟು ಟುನಿಸ್ ಮುಟ್ಟಿದಾಗ ನಿಮ್ಮ ಒಂದು ಎಂಟ್ರಿ ಮುಗಿಯಿತು, ಬಾರ್ಸಿಲೋನಾಕ್ಕೆ ಮರಳುವುದು ಎರಡನೇ ಎಂಟ್ರಿ. ಮಲ್ಟಿಪಲ್ ಎಂಟ್ರಿಯೇ ಬೇಕು. ಅರ್ಜಿಯಲ್ಲಿ ಹಾಗೇ ಗುರುತು ಮಾಡಿ, ಹಡಗಿನ ಪೂರ್ತಿ ವೇಳಾಪಟ್ಟಿ ಲಗತ್ತಿಸಿ. ಇಲ್ಲದಿದ್ದರೆ ಬಾರ್ಸಿಲೋನಾದಲ್ಲಿ ಮೊದಲ ದಿನವೇ ಹಡಗಿನವರು ನಿಮ್ಮನ್ನು ಹತ್ತಿಸದೇ ಇರಬಹುದು. ಟುನೀಶಿಯಾದ ಕಟ್ಟಳೆ ಬೇರೆಯೇ, ಅದನ್ನು ಹಡಗು ಕಂಪನಿಯಿಂದ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಹೆಚ್ಚು ದಿನ ಇರುವ ದೇಶಕ್ಕೆ ಹಾಕಬೇಕು, ಸಮ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ವಿಮೆ ಕನಿಷ್ಠ 30,000 ಯೂರೋದ್ದು.

ದಡಕ್ಕೆ ಇಳಿಯುವ ಮೊದಲು, ಕೋಣೆಗೆ ಬರುವ ದಿನದ ಕಾರ್ಯಕ್ರಮ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ಆ ಬಂದರಿನ ಏಜೆಂಟರ ಫೋನ್ ನಂಬರ್ ಅದರಲ್ಲಿರುತ್ತದೆ. ತಡವಾಗುವುದು ಖಾತ್ರಿಯಾದ ಕೂಡಲೇ ಅವರಿಗೆ ಫೋನ್ ಮಾಡಿ, ಹಡಗು ಬಿಟ್ಟ ಮೇಲಲ್ಲ. ಅಕಸ್ಮಾತ್ ತಪ್ಪಿಯೇ ಹೋದರೆ ನೇಪಲ್ಸ್‌ನಿಂದ ಪಲೆರ್ಮೊಗೆ ರಾತ್ರಿ ಫೆರ್ರಿ ಇದೆ, ಬೆಳಿಗ್ಗೆ ಮುಟ್ಟುತ್ತದೆ, ಖರ್ಚು ನಿಮ್ಮದೇ. ಸಮುದ್ರದಲ್ಲಿರುವಾಗ ಫೋನು ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ಲು ಮೇಲೇರುತ್ತದೆ. ವೇಳೆಗೆ ಹಡಗಿನ ಗಡಿಯಾರವನ್ನೇ ನಂಬಿ.

ಶಿರಸಿ_ಸೊಪ್ಪಿನಬೆಟ್ಟ

ಎಲ್ಲರಿಗೂ ತುಂಬಾ ಉಪಕಾರ. ವೀಸಾ ಅರ್ಜಿ ಇನ್ನೂ ಹಾಕಿಲ್ಲ, ಬಚಾವಾದೆವು. ಪಟ್ಟಿ ತೆಗೆದು ನೋಡಿದರೆ ನೇಪಲ್ಸ್ ದಿನ ಮಂಗಳವಾರವೇ ಬರ್ತಾ ಇದೆ. ಹಾಗಾದರೆ ಮ್ಯೂಸಿಯಂ ಹೋಯಿತು. ಅತ್ತೆಯನ್ನು ಹಡಗಿನಲ್ಲೇ ಬಿಡುವುದಾ?

ಅಘನಾಶಿನಿ_ದಡ

ಬಿಡಬೇಡಿ. ಮುಸುಕಿನ ಕ್ರಿಸ್ತನ ಶಿಲ್ಪ ಇರುವ ಸಾನ್ಸೆವೆರೊ ಚಾಪೆಲ್‌ಗೂ ಮಂಗಳವಾರವೇ ರಜೆ, ಹಾಗಾಗಿ ಊರೊಳಗೆ ಉಳಿಯುವುದಕ್ಕಿಂತ ನಾಲ್ವರೂ ಎರ್ಕೊಲಾನೊಗೆ ಹೋಗಿ. ಬಂದರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಿಳಿ ಬಣ್ಣದ, ಮೀಟರ್ ಇರುವ ಅಧಿಕೃತ ಕಾರು ಮಾತ್ರ ಹತ್ತಿ. ಕೂರುವ ಮೊದಲೇ "ತಾರಿಫ್ಫಾ ಪ್ರೆದೆತೆರ್ಮಿನಾತಾ" ಎಂದು ಕೇಳಿ, ಅಂದರೆ ನಿಗದಿತ ದರ. ಹೊರಟ ಮೇಲೆ ಕೇಳಿದರೆ ಮೀಟರೇ ಗತಿ. ಉತ್ಖನನದ ಬಾಗಿಲಿಗೇ ಬಿಡಲು ಹೇಳಿ, ನಡಿಗೆ ಅಷ್ಟೂ ಉಳಿಯುತ್ತದೆ. ಒಳಗೆ ಅತ್ತೆಯವರು ಮೇಲಿನ ದಾರಿಯಲ್ಲೇ ಕುಳಿತರೂ ಸರಿ: ಅಲ್ಲಿಂದ ಇಡೀ ಊರು ಕೆಳಗೆ ಕಾಣುತ್ತದೆ, ಅದರ ಹಿಂದೆ ವೆಸುವಿಯಸ್. ಒಂದೂವರೆಗೆ ಮುಗಿಸಿ ನೇಪಲ್ಸ್‌ಗೆ ಮರಳಿ, ಮೂರರೊಳಗೆ ಬಂದರಿನ ಹತ್ತಿರವೇ ಊಟ ಮಾಡಿ.