ಪೋರ್ಟ್ ಬ್ಲೇರ್‌ನಲ್ಲಿ ಎರಡು ದಿನ ಇಟ್ಟುಕೊಳ್ಳಬಹುದಾ?

ಹೊಂಗಿರಣ:
ಡಿಸೆಂಬರ್ ಕೊನೆಗೆ ಅಂಡಮಾನ್‌ಗೆ ಹೊರಟಿದ್ದೇವೆ. ಅಪ್ಪನಿಗೆ ಎಪ್ಪತ್ತು ದಾಟಿದೆ, ಮಂಡಿ ನೋವಿದೆ. ಮಗಳು ಐದನೇ ಕ್ಲಾಸು. ಹ್ಯಾವ್‌ಲಾಕ್ ದ್ವೀಪಕ್ಕೆ ಹೋಗೋ ಮುಂಚೆ ಪೋರ್ಟ್ ಬ್ಲೇರ್‌ನಲ್ಲೇ ಎರಡು ದಿನ ಇರೋಣ ಅಂತ ನನ್ನಾಸೆ. ಟೂರ್‌ನವರು ಮಾತ್ರ "ಜೈಲು ಬಿಟ್ರೆ ಅಲ್ಲೇನಿಲ್ಲ, ಅರ್ಧ ದಿನ ಸಾಕು" ಅಂತಿದ್ದಾರೆ. ಗೊತ್ತಿರೋರು ಹೇಳಿ.

ದ್ವೀಪವಾಸಿ:
ಎರಡು ದಿನ ಖಂಡಿತ ಬೇಕು. ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವನು ನಾನು, ಈ ಊರನ್ನ ಬರೀ ದೋಣಿ ಬದಲಿಸೋ ಜಾಗ ಅಂದುಕೊಂಡು ಹೋಗೋರನ್ನ ನೋಡಿದರೆ ಬೇಜಾರಾಗುತ್ತೆ.

ಮೊದಲು ಹೊತ್ತಿನ ವಿಚಾರ. ನಾವು ಇಷ್ಟು ಪೂರ್ವಕ್ಕಿದ್ದರೂ ಗಡಿಯಾರ ದೆಹಲಿಯದ್ದೇ. ಡಿಸೆಂಬರ್‌ನಲ್ಲಿ ಸಂಜೆ ಐದೂಕಾಲಿನೊಳಗೆ ಸೂರ್ಯ ಮುಳುಗಿ, ಐದೂವರೆಗೆಲ್ಲ ಕತ್ತಲು ಕವಿಯುತ್ತೆ. ತಿಂಡಿ ಮುಗಿಸಿ ಹತ್ತಕ್ಕೆ ಹೊರಟರೆ ಅರ್ಧ ದಿನ ಹೋದ ಹಾಗೇ. ಬೆಳಗ್ಗೆ ಬೇಗ ಹೊರಡಿ, ಮಧ್ಯಾಹ್ನ ಅಪ್ಪ ಮಲಗಲಿ.

ಸೆಲ್ಯುಲರ್ ಜೈಲನ್ನ ಓಡೋಡಿ ನೋಡಬೇಡಿ. 1906ರಲ್ಲಿ ಕಟ್ಟಿ ಮುಗಿಸಿದಾಗ ನಡುವಿನ ಗೋಪುರದಿಂದ ಏಳು ಸಾಲು ಕಟ್ಟಡ ಚಾಚಿತ್ತು, ಈಗ ಉಳಿದಿರೋದು ಮೂರು. ಒಂದು ಸಾಲಿನ ಮುಖ ಇನ್ನೊಂದರ ಬೆನ್ನಿಗೆ. ಹಾಗಾಗಿ ಒಬ್ಬ ಕೈದಿ ಇನ್ನೊಬ್ಬನ ಮುಖ ನೋಡೋ ಹಾಗಿರಲಿಲ್ಲ. ಮಗಳಿಗೆ ಒಂದು ಕೋಣೆಯ ಚಿಲಕ ತೋರಿಸಿ. ಅದು ಬಾಗಿಲಿನಿಂದ ದೂರಕ್ಕೆ ಚಾಚಿ ಗೋಡೆಯ ಗೂಡಿನೊಳಗೆ ಸೇರುತ್ತೆ, ಬೀಗ ಬೀಳೋದು ಅಲ್ಲಿ. ಒಳಗಿನಿಂದ ಸರಳಿನ ಸಂದಿಯಲ್ಲಿ ಎಷ್ಟು ಕೈ ತೂರಿಸಿದರೂ ಎಟುಕಲ್ಲ. ಆ ಗೂಡಿನ ಮುಂದೆ ನಿಂತರೆ ನನಗೆ ಇವತ್ತಿಗೂ ಮಾತು ಹೊರಡಲ್ಲ. ಸಾವರ್ಕರ್ ಇದ್ದ ಕೋಣೆ ಮೇಲಿನ ಅಂತಸ್ತಿನಲ್ಲಿದೆ, ಮೆಟ್ಟಿಲು ಹತ್ತಬೇಕು. ಅಪ್ಪನಿಗೆ ಕಷ್ಟವಾದರೆ ಕೆಳಗಿನ ಕೋಣೆಗಳು, ಎಣ್ಣೆ ಗಾಣ, ಗಲ್ಲು ಮನೆ ನೋಡಲಿ.

ಮರುದಿನ ರಾಸ್ ದ್ವೀಪ. 2018ರಿಂದ ಅದಕ್ಕೆ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೆಸರು. ಅಬರ್ಡೀನ್ ಜೆಟ್ಟಿಯಿಂದ ದೋಣಿಯಲ್ಲಿ ಸ್ವಲ್ಪವೇ ದೂರ. ಬ್ರಿಟಿಷರ ಆಡಳಿತ ನಡೀತಿದ್ದ ಜಾಗ, ಈಗ ಚರ್ಚಿಗೆ ಚಾವಣಿಯಿಲ್ಲ, ಇಟ್ಟಿಗೆ ಗೋಡೆಗಳನ್ನ ಆಲದ ಬೇರುಗಳು ಅಪ್ಪಿ ಹಿಡಿದಿವೆ. ಜಿಂಕೆಗಳು ಪಕ್ಕದಲ್ಲೇ ಓಡಾಡ್ತವೆ. ಏರಿಗೆ ಬ್ಯಾಟರಿ ಗಾಡಿ ಸಿಗುತ್ತೆ.

ಚಾಥಮ್ ಸಾ ಮಿಲ್ಲೂ ಬಿಡಬೇಡಿ, ಮರ ಕೊಯ್ಯೋ ಕಾರ್ಖಾನೆ, 1883ರದ್ದು. ಭಾನುವಾರ ರಜೆ. ಸೂರ್ಯಾಸ್ತಕ್ಕೆ ಚಿಡಿಯಾ ಟಾಪು ಕಡಲತೀರ. ಮೂರು ಗಂಟೆಗೆಲ್ಲ ಹೊರಟುಬಿಡಿ.

ಕಡಲಹಕ್ಕಿ:
ಮಗು ಇದೆ ಅಂದ್ರಲ್ಲ, ಸಮುದ್ರಿಕಾ ಮ್ಯೂಸಿಯಂ ಸೇರಿಸಿಕೊಳ್ಳಿ. ಅಲ್ಲಿ ನೀಲಿ ತಿಮಿಂಗಿಲದ ಅಸ್ಥಿಪಂಜರ ಇದೆ, ನಮ್ಮ ಹುಡುಗ ಅಲ್ಲಿಂದ ಕದಲಲೇ ಇಲ್ಲ. ದಡದಲ್ಲಿ ಬಿದ್ದಿರೋ ಹವಳದ ಚೂರನ್ನೂ ಎತ್ತಿಕೊಳ್ಳಬೇಡಿ. ಸತ್ತ ಹವಳ ಒಯ್ಯೋದೂ ಕಾನೂನಿಗೆ ವಿರುದ್ಧ.

ಹೊಂಗಿರಣ:
ಇಬ್ಬರಿಗೂ ಧನ್ಯವಾದ. ಎರಡು ದಿನ ಅಂತ ಗಟ್ಟಿ ಮಾಡಿದೆ. ರಾಸ್‌ಗೆ ದೋಣಿ ಹತ್ತೋದು ಅಪ್ಪನಿಗೆ ಕಷ್ಟ ಆಗುತ್ತಾ?

ದ್ವೀಪವಾಸಿ:
ಹತ್ತುವಾಗ ದೋಣಿ ಏರಿಳಿಯುತ್ತೆ, ಅದೊಂದೇ ತೊಂದರೆ. ದೋಣಿಯವರು ಕೈ ಹಿಡಿದು ಹತ್ತಿಸಿಕೊಳ್ತಾರೆ, ಅಪ್ಪನಿಗೆ ಮಂಡಿ ನೋವು ಅಂತ ಮೊದಲೇ ಹೇಳಿಬಿಡಿ. ಬೆಳಗಿನ ಮೊದಲ ದೋಣಿಗೇ ಟಿಕೆಟ್ ತಗೊಳ್ಳಿ, ಜನ ಕಡಿಮೆ ಇರ್ತಾರೆ, ಯಾರೂ ಅವಸರ ಮಾಡಲ್ಲ.