ಗೌರಿ ಅಂತ ಇಟ್ಟರೆ ಹಳೇದಾಯ್ತಾ?

ಮೊನ್ನೆ ಭಾನುವಾರ ಇಲ್ಲಿ ಅಮೆರಿಕದ ನಮ್ಮ ಕನ್ನಡ ಶಾಲೆಯ ಹೊರಗೆ ಮಕ್ಕಳಿಗಾಗಿ ಕಾಯುತ್ತಿದ್ದಾಗ, ಏಳು ತಿಂಗಳ ಬಸುರಿಯೊಬ್ಬರು ಕೇಳಿದರು. "ಹೆಣ್ಣು ಮಗು ಅಂತ ಹೇಳಿದ್ದಾರೆ. ಒಂದು ಹೆಸರು ತುಂಬಾ ಇಷ್ಟ ಆಗಿದೆ. ಆದರೆ ಎಲ್ಲರೂ ಅದನ್ನೇ ಇಡ್ತಿದ್ದಾರೇನೋ ಅಂತ ಭಯ. ನೀವು ಹೇಗೆ ಆರಿಸಿದಿರಿ?" ಅಷ್ಟರಲ್ಲಿ ಮಕ್ಕಳು ಹೊರಗೆ ಬಂದರು, ಮಾತು ಅರ್ಧಕ್ಕೇ ನಿಂತಿತು. ಅವರಿಗೆ ಹೇಳಬೇಕು ಅಂದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಚಿಂತೆ ಇರುವ ಬೇರೆಯವರಿಗೂ ಆಗಲಿ.

2020ರಲ್ಲಿ ನನಗೂ ಇದೇ ಭಯ ಇತ್ತು. ಎಲ್ಲರೂ ಮನೆಯೊಳಗೇ ಇದ್ದ ವರ್ಷ ಅದು. ಬಾಣಂತನಕ್ಕೆ ಅಮ್ಮ ಬರುವ ಹಾಗಿರಲಿಲ್ಲ. ರಾತ್ರಿ ನಿದ್ದೆ ಬಾರದಾಗ ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇಲಾಖೆಯ ಹೆಸರುಗಳ ಪಟ್ಟಿ ತೆಗೆದು ಕೂರುತ್ತಿದ್ದೆ. 1880ರಿಂದ ಇಲ್ಲಿ ಹುಟ್ಟಿದ ಮಕ್ಕಳ ಹೆಸರುಗಳು ಅದರಲ್ಲಿವೆ. ಸಾಮಾನ್ಯವಾಗಿ ಮೇ ತಿಂಗಳಲ್ಲಿ ಹಿಂದಿನ ವರ್ಷದ ಲೆಕ್ಕ ಸೇರುತ್ತದೆ. ನಾನು ನೋಡುವ ಹೊತ್ತಿಗೆ ಒಲಿವಿಯಾ ಆಗಷ್ಟೇ ಮೊದಲ ಸ್ಥಾನಕ್ಕೆ ಬಂದಿತ್ತು. ನಮ್ಮ ಹೆಸರುಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿದ್ದೆ. ತುಂಬಾ ಕೆಳಗಿದ್ದರೆ ಸಮಾಧಾನ, ಸ್ವಲ್ಪ ಮೇಲಿದ್ದರೆ ಹೊಟ್ಟೆಯಲ್ಲಿ ಕಸಿವಿಸಿ.

ಆ ಪಟ್ಟಿ ನೋಡುವವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ಒಂದೊಂದು ಸ್ಪೆಲಿಂಗ್‌ಗೂ ಬೇರೆ ಬೇರೆ ಲೆಕ್ಕ. ಆದ್ಯಾ ಅನ್ನೋ ಹೆಸರನ್ನೇ ತಗೊಳ್ಳಿ. ಒಬ್ಬರು ಮೊದಲಿಗೆ ಒಂದು ಎ ಹಾಕುತ್ತಾರೆ, ಇನ್ನೊಬ್ಬರು ಎರಡು. ನಡುವೆ ಎಚ್ ಸೇರಿಸುವವರು ಕೆಲವರು. ಕರೆಯುವಾಗ ಒಂದೇ ಹೆಸರು, ಪಟ್ಟಿಯಲ್ಲಿ ಮಾತ್ರ ನಾಲ್ಕು ಕಡೆ ಹಂಚಿಹೋಗಿರುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅವರು ತೋರಿಸುವುದೇ ಇಲ್ಲ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಮ್ಮ ಮಕ್ಕಳು ಇಡೀ ಅಮೆರಿಕದ ಜೊತೆ ಬೆಳೆಯುವುದಿಲ್ಲ, ಅಲ್ವಾ? ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ, ಇಂಡಿಯಾದವರು ತುಂಬಾ ಇರುವ ಊರು. ಆಗ ನನ್ನ ಮಗ ಹೋಗುತ್ತಿದ್ದ ಪ್ರೀಸ್ಕೂಲಿನಲ್ಲಿ ಚೀಲ ಇಡುವ ಗೂಡುಗಳ ಮೇಲೆ ಹೆಸರಿನ ಚೀಟಿ ಅಂಟಿಸಿದ್ದರು. ಇಬ್ಬರು ಆದ್ಯಾ, ಒಬ್ಬಳು ಆರಾಧ್ಯಾ, ಒಬ್ಬಳು ಅನ್ಯಾ. ಒಲಿವಿಯಾ ಒಬ್ಬಳೂ ಇರಲಿಲ್ಲ. ದೇಶದ ಪಟ್ಟಿಗಿಂತ ಆ ಗೂಡುಗಳನ್ನು ನೋಡಿದರೆ ಜಾಸ್ತಿ ಗೊತ್ತಾಗುತ್ತದೆ. ನಿಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕ ನೋಡಿ. ಗೆಳೆಯರ ಮನೆಯ ಹುಟ್ಟುಹಬ್ಬದ ಕರೆಯೋಲೆಗಳನ್ನು ನೋಡಿ. ಇಂಡಿಯಾದವರು ಕಡಿಮೆ ಇರುವ ಊರಿನಲ್ಲಿದ್ದರೆ ಈ ಚಿಂತೆಯೇ ಬೇಡ, ಯಾವ ಕನ್ನಡದ ಹೆಸರಿಟ್ಟರೂ ಶಾಲೆಗೆ ಅವಳೊಬ್ಬಳೇ.

ಇನ್ನೊಂದು ಲೆಕ್ಕ ನನ್ನ ಭಯವನ್ನು ಇಳಿಸಿತು. 1970ರಿಂದ 1984ರವರೆಗೆ ಆ ಪಟ್ಟಿಯ ಹೆಣ್ಣುಮಕ್ಕಳ ಹೆಸರುಗಳಲ್ಲಿ ಮೊದಲ ಸ್ಥಾನ ಜೆನಿಫರ್‌ಗೆ. ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನೂರು ಹೆಣ್ಣುಮಕ್ಕಳಲ್ಲಿ ಮೂವರಿಗಿಂತ ಜಾಸ್ತಿ ಜೆನಿಫರ್‌ಗಳಿದ್ದರು. 2024ರಲ್ಲಿ ಮೊದಲ ಸ್ಥಾನದಲ್ಲಿದ್ದ ಒಲಿವಿಯಾ ನೂರಕ್ಕೆ ಒಬ್ಬಳೂ ಇರಲಿಲ್ಲ. ಜನ ಹೆಸರುಗಳನ್ನು ಅಷ್ಟು ಹಂಚಿಕೊಂಡುಬಿಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಕೊನೆಗೆ ಉಳಿದಿದ್ದು ಮೂರು ಹೆಸರು.

ಮೊದಲನೇದು ಸಿರಿ. ನನಗೆ ಚಿಕ್ಕಂದಿನಿಂದ ಇಷ್ಟ. ಎರಡೇ ಅಕ್ಷರ, ಎಷ್ಟು ತುಂಬಿದ ಅರ್ಥ! ತುಳುನಾಡಿನಲ್ಲಿ ಸಿರಿಯ ಪಾಡ್ದನವೇ ಇದೆ, ಅವಳ ಕತೆ ಹೇಳುವ ಜನಪದ ಹಾಡು. ಆದರೆ 2011ರಲ್ಲಿ ಆ ಹೆಸರು ಐಫೋನಿನೊಳಗೆ ಹೋಗಿ ಕೂತಿತು. ಮಗಳನ್ನು ಕರೆದಾಗೆಲ್ಲ ಮೇಜಿನ ಮೇಲಿನ ಫೋನು ಉತ್ತರ ಕೊಟ್ಟರೆ, ತರಗತಿಯ ಮಕ್ಕಳು ಅವಳಿಗೆ "ಇವತ್ತು ಮಳೆ ಬರುತ್ತಾ" ಅಂತ ಕೇಳಿದರೆ? ಬಿಟ್ಟುಕೊಡುವಾಗ ನಿಜವಾಗಿ ಸಂಕಟ ಆಯಿತು. ಎರಡನೇದು ಇಳಾ. ಇಲ್ಲಿ ಯಾರ ಬಾಯಲ್ಲೂ ಳ ಹೊರಡುವುದಿಲ್ಲ. ಮಗಳೂ ನಿಧಾನಕ್ಕೆ ತನ್ನನ್ನು ಇಲಾ ಅಂತಲೇ ಕರೆದುಕೊಳ್ಳುತ್ತಾಳೆ ಅನ್ನಿಸಿತು.

ಮೂರನೇದು ಗೌರಿ. ನನ್ನ ಅಜ್ಜಿ ಗೌರಮ್ಮ. ಡೆಲಿವರಿ ದಿನ ಕೊಟ್ಟಿದ್ದೂ ಆಗಸ್ಟ್‌ನಲ್ಲಿ, ಗೌರಿ ಹಬ್ಬದ ಆಸುಪಾಸಿಗೆ. ಶಿವಮೊಗ್ಗದಿಂದ ಅಮ್ಮ ಮಾತ್ರ ಒಪ್ಪಲಿಲ್ಲ. "ಗೌರಿನಾ? ನಮ್ಮ ಕೇರಿಯಲ್ಲೇ ನಾಲ್ಕು ಗೌರಿ ಇದ್ದಾರಲ್ಲೇ! ಚೆನ್ನಾಗಿ ಆದ್ಯಾನೋ ಅನ್ವಿನೋ ಇಡು." ಅವರಿಗೆ ಅದು ಬೀದಿಗೊಂದು ಹೆಸರು, ಇಲ್ಲಿಯ ನಮ್ಮ ಬಳಗದಲ್ಲಿ ಒಂದೂ ಇರಲಿಲ್ಲ. ಅಮ್ಮ ಹೊಸದು ಅಂತ ಹೇಳಿದ ಹೆಸರುಗಳೇ ಇಲ್ಲಿ ಗೂಡುಗಳ ತುಂಬ ಇದ್ದವು.

ಅಮ್ಮನ ಜೊತೆ ಮಾತಾಡುವಾಗ ನನ್ನ ಶಾಲೆ ನೆನಪಾಯಿತು. ಐದನೇ ಕ್ಲಾಸಿನಲ್ಲಿ ನಾವು ಮೂವರು ಸುಮಾ ಇದ್ದೆವು. ಎಸ್. ಸುಮಾ, ಕೆ. ಸುಮಾ, ಎಚ್. ಆರ್. ಸುಮಾ. ಇನಿಶಿಯಲ್ ಸಮೇತ ಕರೆಯುತ್ತಿದ್ದರು, ಮುಗಿಯಿತು. ನನ್ನ ಹೆಸರು ಬೇರೆಯವರಿಗೂ ಇದೆ ಅಂತ ಒಂದು ದಿನವೂ ಬೇಜಾರಾಗಿದ್ದು ನೆನಪಿಲ್ಲ. ಮೂವರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು.

ನನ್ನ ಗಂಡನ ಅಳುಕು ಬೇರೆ. ನಮ್ಮ ಕಡೆ ಗೌರಿಯನ್ನು ಇಂಗ್ಲಿಷಿನಲ್ಲಿ ಜಿ, ಓ, ಡಬ್ಲ್ಯೂ ಹಾಕಿ ಬರೆಯುವುದೇ ಜಾಸ್ತಿ. ಹಾಗೆ ಬರೆದು ಆಫೀಸಿನ ಇಬ್ಬರಿಗೆ ತೋರಿಸಿದರು. ಇಬ್ಬರೂ "ಗೋರಿ" ಅಂತ ಓದಿದರು. ನಮ್ಮ ಭಾಷೆಯಲ್ಲಿ ಗೋರಿ ಅಂದರೆ ಏನು! ಹುಟ್ಟುವ ಮಗುವಿನ ವಿಷಯ, ಕೇಳಿ ನನ್ನ ಕಣ್ಣಲ್ಲಿ ನೀರೇ ಬಂತು. ಎ, ಯು ಹಾಕಿ ಬರೆದು ತೋರಿಸಿದಾಗ ಒಬ್ಬರು ಸರಿಯಾಗಿ ಓದಿದರು, ಇನ್ನೊಬ್ಬರು ಹೇಗೆ ಹೇಳಬೇಕು ಅಂತ ಕೇಳಿದರು. ಕೇಳಿದರೆ ಸಾಕಲ್ಲ, ಹೇಳಿಕೊಡಬಹುದು. ಅದಕ್ಕೇ ಹೇಳುತ್ತೇನೆ, ಹೆಸರು ಗಟ್ಟಿ ಮಾಡುವ ಮೊದಲು ಬರೆದು ಗುರುತಿಲ್ಲದವರ ಕೈಗೆ ಕೊಡಿ, ಓದಿಸಿ. ನಾವು ಕರೆದಾಗ ಕೇಳಿಸುವುದೇ ಬೇರೆ, ಅವರು ಓದುವುದೇ ಬೇರೆ.

ಮಗಳು ಹುಟ್ಟಿದ್ದು ಹಸ್ತ ನಕ್ಷತ್ರದಲ್ಲಿ. ಅಕ್ಷರಗಳು ಪು, ಷ, ಣ, ಠ. ಅಮ್ಮ ಗಾಬರಿಯಾದರು. ವಿಡಿಯೋದಲ್ಲಿ ಪುರೋಹಿತರು ನಿಧಾನಕ್ಕೆ ಹೇಳಿದರು: ನಕ್ಷತ್ರದ ಹೆಸರು ಕಿವಿಯಲ್ಲಿ ಹೇಳೋದಕ್ಕೆ, ಕರೆಯುವ ಹೆಸರು ನಿಮ್ಮಿಷ್ಟ. ಇಲ್ಲಿಯ ಕಾಗದಗಳು ಹನ್ನೊಂದನೇ ದಿನಕ್ಕೆ ಕಾಯುವುದಿಲ್ಲ ಅನ್ನೋದೂ ನೆನಪಿರಲಿ. ನಮಗೆ ಎರಡನೇ ದಿನವೇ ಆಸ್ಪತ್ರೆಯ ಮಂಚದ ಹತ್ತಿರ ಜನನ ಪ್ರಮಾಣಪತ್ರದ ಫಾರಂ ತಂದುಕೊಟ್ಟರು. ನಾಮಕರಣದಲ್ಲಿ ನೋಡೋಣ ಅಂತ ಹೆಸರು ಬಾಕಿ ಇಡಬೇಡಿ, ಆಮೇಲೆ ಬದಲಾಯಿಸುವುದು ಸುಮ್ನೆ ಓಡಾಟ.

ಹನ್ನೊಂದನೇ ದಿನ ಸ್ಟೀಲ್ ತಟ್ಟೆಯಲ್ಲಿ ಅಕ್ಕಿ ಹರಡಿ, ನನ್ನ ಗಂಡ ಉಂಗುರದಿಂದ ಹೆಸರು ಬರೆದರು. ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಫೋನಿನಲ್ಲಿ ಅಮ್ಮ ನೋಡುತ್ತಿದ್ದರು. ಅಕ್ಕಿ ಜಾರಿ ಜಾರಿ ಗೌ ಅಕ್ಷರದ ಔತ್ವ ನಿಲ್ಲಲಿಲ್ಲ. ಮೂರು ಸಲ ಬರೆಯಬೇಕಾಯಿತು. ಮೂರನೇ ಸಲ ಅಮ್ಮನೇ ಆ ಕಡೆಯಿಂದ ಜೋರಾಗಿ "ಗೌರೀ" ಅಂತ ಕರೆದರು. ಅವರ ಅಮ್ಮನ ಹೆಸರು ಅದು, ಮಕ್ಕಳಾದವರು ಅದನ್ನು ಹಿಡಿದು ಕರೆಯುವ ಹಾಗೇ ಇರಲಿಲ್ಲ. ಆಮೇಲೆ ತುಂಬಾ ಹೊತ್ತು ಅವರು ಮಾತಾಡಲಿಲ್ಲ.

ಹೋದ ತಿಂಗಳು ಕನ್ನಡ ಶಾಲೆಗೆ ಹೊಸ ಹುಡುಗಿ ಸೇರಿದ್ದಾಳೆ. ಅವಳೂ ಗೌರಿ. ನನ್ನ ಮಗಳು ಕಾರು ಹತ್ತುವ ಮೊದಲೇ ಸುದ್ದಿ ಹೇಳಿದಳು. "ಅಮ್ಮಾ, ಅವಳದು ಓ ಡಬ್ಲ್ಯೂ, ನಂದು ಎ ಯು!" ಹಾಜರಿ ಕರೆದಾಗ ಇಬ್ಬರೂ ಒಟ್ಟಿಗೆ ಓಗೊಡುತ್ತಾರಂತೆ.