ದಾವಣಗೆರೆ, ಚಿತ್ರದುರ್ಗದ ಸುತ್ತ ವಾಹನಗಳ ಕಾಟವಿಲ್ಲದೆ ಸೈಕಲ್ ತುಳಿಯಲು ಕಾಡುದಾರಿಗಳಿವೆಯೇ?

ಪ್ರಶ್ನೆ (ದಾವಣಗೆರೆಯಿಂದ)

ಎಲ್ಲರಿಗೂ ನಮಸ್ಕಾರ. ನಾನೂ ಹನ್ನೆರಡು ವರ್ಷದ ನನ್ನ ಮಗಳೂ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವ ರೂಢಿ ಇಟ್ಟುಕೊಂಡಿದ್ದೇವೆ. ನಮಗೆ ವೇಗವಾಗಲಿ ದೂರವಾಗಲಿ ಮುಖ್ಯವಲ್ಲ. ಲಾರಿ, ಬಸ್ಸುಗಳ ಹಾರನ್ ಕೇಳಿಸದ, ಗಿಡಮರಗಳ ನಡುವೆ ಮಾತನಾಡುತ್ತ ಹೋಗಬಹುದಾದ ದಾರಿ ಸಿಕ್ಕರೆ ಸಾಕು. ರಾಷ್ಟ್ರೀಯ ಹೆದ್ದಾರಿ 48ರ ಸರ್ವಿಸ್ ರಸ್ತೆಯಲ್ಲಿ ಎದುರುದಿಕ್ಕಿನಿಂದ ನುಗ್ಗುವ ಬೈಕು, ಟ್ರ್ಯಾಕ್ಟರ್‌ಗಳನ್ನು ನೋಡಿದರೆ ಮಗಳನ್ನು ಆ ಕಡೆ ಕರೆದೊಯ್ಯಲು ಧೈರ್ಯ ಸಾಲುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿರುವ ನನ್ನ ತಂಗಿ ಅಲ್ಲಿಗೆ ಹತ್ತಿರದ ನ್ಯೂ ಫಾರೆಸ್ಟ್ ಎಂಬ ಕಾಡಿನಲ್ಲಿ ಮಕ್ಕಳೊಂದಿಗೆ ಸೈಕಲ್ ತುಳಿಯುವ ಫೋಟೋ ಕಳಿಸಿದಾಗಲೆಲ್ಲ ಮಗಳು, "ಅಪ್ಪಾ, ನಮ್ ಕಡೆ ಇಂಥದ್ದು ಇಲ್ವಾ?" ಎಂದು ಕೇಳುತ್ತಾಳೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡಕ್ಕೆ ಸೈಕಲ್‌ನಲ್ಲಿ ಹೋಗಬಹುದೇ? ಕೊಂಡಜ್ಜಿಯ ದಾರಿ ಹೇಗಿದೆ? ಯಾವ ಬಗೆಯ ಸೈಕಲ್ ಬೇಕು? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1 (ಚಿತ್ರದುರ್ಗದಿಂದ)

ಸರ್, ಜೋಗಿಮಟ್ಟಿಯ ಬಗ್ಗೆ ನಾನು ಹೇಳುತ್ತೇನೆ. ಅದು 2015ರಿಂದ ವನ್ಯಜೀವಿ ಧಾಮ. ಆದ್ದರಿಂದ ಸೈಕಲ್ ಆದರೂ ಸರಿ, ಕಾಲ್ನಡಿಗೆ ಆದರೂ ಸರಿ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ. ಹಿಂದಿನ ದಿನವೇ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಂಡು ಬಂದರೆ ಗೇಟಿನ ಮುಂದೆ ನಿಂತು ಬೇಡಿಕೊಳ್ಳುವ ಪ್ರಸಂಗ ಬರುವುದಿಲ್ಲ.

ಊರು ದಾಟಿ ಆಡುಮಲ್ಲೇಶ್ವರದ ಕಿರು ಮೃಗಾಲಯದವರೆಗಿನ ದಾರಿ ಮಕ್ಕಳಿಗೂ ಸಾಧ್ಯವಾಗುವಂಥದ್ದು. ಅಲ್ಲಿಂದ ಮುಂದೆ ಏರು ಬಿಗಿಯಾಗುತ್ತ ಹೋಗುತ್ತದೆ. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ ಸುಮಾರು 3800 ಅಡಿ. ಕೊನೆಯ ತಿರುವುಗಳಲ್ಲಿ ಗೇರ್ ಇದ್ದರೂ ಇಳಿದು ತಳ್ಳಬೇಕಾಗುತ್ತದೆ. ಅದಕ್ಕಿಂತಲೂ ನನಗೆ ಚಿಂತೆ ಇಳಿಯುವಾಗಿನದು. ಒಣ ಎಲೆ, ಸಣ್ಣ ಹರಳು ಬಿದ್ದ ತಿರುವಿನಲ್ಲಿ ಮುಂದಿನ ಬ್ರೇಕನ್ನು ಒಮ್ಮೆಲೇ ಒತ್ತಿದರೆ ಚಕ್ರ ಜಾರುತ್ತದೆ. ಎರಡೂ ಬ್ರೇಕುಗಳನ್ನು ತಿರುವಿಗೆ ಮುಂಚೆಯೇ ಬಿಟ್ಟು ಬಿಟ್ಟು ಒತ್ತುವುದನ್ನು ಮಗಳು ಕಲಿಯುವವರೆಗೆ ಮೃಗಾಲಯದಿಂದಲೇ ಹಿಂತಿರುಗಿ ಎನ್ನುವುದು ನನ್ನ ಸಲಹೆ.

ಇನ್ನೊಂದು ಮಾತು. ಈ ಕಾಡಿನಲ್ಲಿ ಕರಡಿ, ಚಿರತೆಗಳಿವೆ. ಕರಡಿ ಓಡಾಡುವುದು ಹೆಚ್ಚಾಗಿ ಸಂಜೆಯಿಂದ ನಸುಕಿನವರೆಗೆ. ಹೀಗಾಗಿ ಬೆಳಕು ಚೆನ್ನಾಗಿ ಹರಿದ ಮೇಲೆಯೇ ಹೊರಡಿ, ತಿರುವುಗಳಲ್ಲಿ ಬೆಲ್ ಮಾಡುತ್ತ, ಮಾತನಾಡುತ್ತ ಹೋಗಿ. ಸದ್ದು ಕೇಳಿದರೆ ಅದು ತಾನಾಗಿಯೇ ಸರಿದುಹೋಗುತ್ತದೆ. ಅಪಾಯವೆಲ್ಲ ಅದಕ್ಕೆ ಗೊತ್ತಾಗದಂತೆ ಹತ್ತಿರ ಹೋದಾಗ.

ಉತ್ತರ 2 (ಹರಿಹರದಿಂದ)

ಅಣ್ಣಾ, ದಾವಣಗೆರೆಯಲ್ಲಿದ್ದುಕೊಂಡು ಪ್ರತಿ ಭಾನುವಾರ ಚಿತ್ರದುರ್ಗಕ್ಕೆ ಸೈಕಲ್ ಸಾಗಿಸುವ ಅಗತ್ಯವಿಲ್ಲ. ಕೊಂಡಜ್ಜಿ ನಿಮಗೆ ಸುಮಾರು 15 ಕಿಲೋಮೀಟರ್. ಊರು ಬಿಡುವವರೆಗೆ ಮಾತ್ರ ಎಚ್ಚರ ಬೇಕು; ಆಮೇಲೆ ವಾಹನಗಳು ವಿರಳವಾಗುತ್ತವೆ. ಸ್ಕೌಟ್ಸ್ ಶಿಬಿರ ಕೇಂದ್ರದ ಬಳಿ ಕೆರೆ, ಹಿಂದೆ ಗುಡ್ಡ, ನಡುವೆ ಮರಗಳ ನೆರಳು, ಇಷ್ಟಿದ್ದರೆ ಮಕ್ಕಳಿಗೆ ಇನ್ನೇನು ಬೇಕು? ಮಳೆಗಾಲದಲ್ಲಿ ಮಾತ್ರ ಪಡುವಣ ಗಾಳಿ ಜೋರಾಗಿರುತ್ತದೆ.

ಎರಡನೆಯದು ಭದ್ರಾ ನಾಲೆಯ ಏರಿ. ಗದ್ದೆ, ತೆಂಗು, ಅಡಿಕೆ ತೋಟಗಳ ಮಗ್ಗುಲಲ್ಲಿ ಮಟ್ಟಸವಾಗಿ ಸಾಗುವ ಈ ದಾರಿಗಳನ್ನು ನಾನು ಯಾವ ಪಾರ್ಕಿಗೂ ಬಿಟ್ಟುಕೊಡಲಾರೆ. ನಾಲೆ ನೀರಿನ ಹರಿವಿಗಾಗಿ ಅಳೆದು ಮಾಡಿದ್ದಾದ್ದರಿಂದ ಏರಿಯಲ್ಲಿ ಏರಿಳಿತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಂಚಿಗೆ ತಡೆಗೋಡೆ ಇರುವುದಿಲ್ಲ. ನೀರು ಬಿಟ್ಟಾಗ ಸೆಳವು ಬಲವಾಗಿರುತ್ತದೆ, ಸಿಮೆಂಟ್ ಲೈನಿಂಗ್ ಪಾಚಿಗಟ್ಟಿ ಕಾಲು ನಿಲ್ಲುವುದಿಲ್ಲ. ಮಗಳು ಗದ್ದೆಯ ಕಡೆ, ನೀವು ನಾಲೆಯ ಕಡೆ ಎಂಬುದನ್ನು ನಿಯಮ ಮಾಡಿಕೊಳ್ಳಿ. ಭತ್ತದ ಕೊಯ್ಲಿನ ವಾರಗಳಲ್ಲಿ ಕಟಾವು ಯಂತ್ರಗಳೂ ಟ್ರ್ಯಾಕ್ಟರ್‌ಗಳೂ ಇದೇ ಏರಿಯ ಮೇಲೆ ಬರುತ್ತವೆ. ಆ ದಾರಿ ಮೊದಲು ರೈತರದ್ದು, ನಾವು ಕೆಳಗಿಳಿದು ಜಾಗ ಬಿಡಬೇಕು.

ಉತ್ತರ 3 (ದಾವಣಗೆರೆ ಮೂಲ, ಈಗ ಇಂಗ್ಲೆಂಡಿನಿಂದ)

ನಿಮ್ಮ ತಂಗಿ ತೋರಿಸಿದ ನ್ಯೂ ಫಾರೆಸ್ಟ್‌ಗೆ ನಾವೂ ಕುಟುಂಬಸಮೇತ ಹೋಗುತ್ತಿರುತ್ತೇವೆ. ಹೆಸರಿನಲ್ಲಿ ಕಾಡಿದ್ದರೂ ಅಲ್ಲಿ ದೊಡ್ಡ ಮರಗಳ ತೋಪು ಎಷ್ಟಿದೆಯೋ ಬಯಲು ಕುರುಚಲೂ ಅಷ್ಟೇ ಇದೆ. ಹೆದರ್ ಎಂಬ ಕಿರುಗಿಡ ಆಗಸ್ಟ್‌ನಲ್ಲಿ ಹೂಬಿಟ್ಟಾಗ ನೆಲವೆಲ್ಲ ನೇರಳೆ ಬಣ್ಣಕ್ಕೆ ತಿರುಗುತ್ತದೆ. 1079ರ ಹೊತ್ತಿಗೆ ದೊರೆಯ ಬೇಟೆಗಾಗಿ ಕಾದಿರಿಸಿದ ನೆಲವದು. 2005ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸಾರವಿಲ್ಲದ ಮಣ್ಣು, ತಲೆತಲಾಂತರದಿಂದ ಮೇಯುತ್ತಿರುವ ದನ, ಪೋನಿ ಎಂಬ ಗಿಡ್ಡ ತಳಿಯ ಕುದುರೆಗಳು, ಇವುಗಳಿಂದಾಗಿಯೇ ಆ ಬಯಲು ಬಯಲಾಗಿ ಉಳಿದಿದೆ. ಮೇವು ನಿಂತರೆ ಕೆಲವೇ ವರ್ಷಗಳಲ್ಲಿ ಅದು ಪೊದೆಗಟ್ಟಿಬಿಡುತ್ತದೆ.

ಅಲ್ಲಿ ಸೈಕಲ್ ಸವಾರಿ ಸುಖಕರವಾಗಿರುವುದಕ್ಕೆ ವ್ಯವಸ್ಥೆಯೇ ಕಾರಣ. ಗರಸು ಹಾಸಿದ ಅರಣ್ಯದ ದಾರಿಗಳಲ್ಲಿ ಕೂಡುವೆಡೆಗಳಿಗೆಲ್ಲ ಅಂಕಿ ಬರೆದ ಗೂಟ ನೆಟ್ಟಿರುತ್ತಾರೆ, ಕಾರುಗಳು ಒಳಬಾರದಂತೆ ಗೇಟು ಹಾಕಿರುತ್ತಾರೆ. 1847ರಲ್ಲಿ ಆರಂಭವಾಗಿ 1964ರಲ್ಲಿ ನಿಂತುಹೋದ ರೈಲು ಮಾರ್ಗವೊಂದಿದೆ. ಬ್ರಾಕನ್‌ಹರ್ಸ್ಟ್ ಎಂಬ ಊರಿನ ಹತ್ತಿರ ಅದರ ಒಂದು ಭಾಗವೀಗ ಸೈಕಲ್ ದಾರಿ. ರೈಲಿಗೆಂದು ಸಮ ಮಾಡಿದ ನೆಲವಾದ್ದರಿಂದ ಪುಟ್ಟ ಮಕ್ಕಳೂ ಸಲೀಸಾಗಿ ತುಳಿಯುತ್ತಾರೆ. ಆದರೆ ಗುರುತು ಮಾಡಿದ ದಾರಿ ಬಿಟ್ಟು ಬಯಲಿಗಿಳಿಯುವಂತಿಲ್ಲ, ಏಕೆಂದರೆ ವಸಂತದಲ್ಲಿ ಹಕ್ಕಿಗಳು ನೆಲದ ಮೇಲೆಯೇ ಗೂಡು ಮಾಡುತ್ತವೆ.

ನಮ್ಮ ಜಿಲ್ಲೆಗಳಲ್ಲಿ ನೆಲ ಇದೆ, ದಾರಿಯೂ ಇದೆ. ಇಲ್ಲದಿರುವುದು ಆ ಗೂಟ ಮತ್ತು ಗೇಟು ಮಾತ್ರ. ದೊಡ್ಡ ಖರ್ಚಿನ ಕೆಲಸವಲ್ಲ ಇದು. ಅಭಯಾರಣ್ಯದ ಹೊರಗಿನ ನೆಡುತೋಪುಗಳಲ್ಲಿ ಇಂಥ ಒಂದು ದಾರಿಯನ್ನಾದರೂ ಗುರುತಿಸಿಕೊಡಿ ಎಂದು ನಿಮ್ಮಂಥ ಪೋಷಕರು ಸೇರಿ ಅರಣ್ಯ ಇಲಾಖೆಗೆ ಮನವಿ ಕೊಡಬೇಕು ಎಂಬುದು ನನ್ನ ಕಳಕಳಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ಈ ವಾರ ಕೊಂಡಜ್ಜಿಯಿಂದಲೇ ಆರಂಭಿಸುತ್ತೇವೆ. ನಮ್ಮದು ತೆಳು ಟೈರಿನ ಸಾದಾ ಸೈಕಲ್‌ಗಳು. ಮಣ್ಣುದಾರಿಗೆ ಇವು ನಡೆಯುತ್ತವೆಯೇ?

ಉತ್ತರ 4 (ಚಳ್ಳಕೆರೆಯಿಂದ)

ಕೊಂಡಜ್ಜಿಗೆ ನಡೆಯುತ್ತವೆ ಸರ್, ಡಾಂಬರು ಇರುವವರೆಗೆ ತೊಂದರೆಯಿಲ್ಲ. ಮಣ್ಣುದಾರಿಯೇ ನಿಮ್ಮ ಗುರಿಯಾದರೆ 35 ರಿಂದ 40 ಮಿಲಿಮೀಟರ್ ಅಗಲದ ಟೈರು ಹಾಕಿಸಿ, ಫ್ರೇಮಿನಲ್ಲಿ ಅಷ್ಟು ಜಾಗವಿದೆಯೇ ಎಂದು ಅಂಗಡಿಯಲ್ಲಿ ಮೊದಲೇ ನೋಡಿಸಿ, ಗಾಳಿಯನ್ನು ರಸ್ತೆಗೆ ಹೊಡೆಸುವುದಕ್ಕಿಂತ ಸ್ವಲ್ಪ ಕಡಿಮೆ ಇಡಿ.

ನಮ್ಮ ಸೀಮೆಯಲ್ಲಿ ಸವಾರಿಯನ್ನು ನಿಲ್ಲಿಸುವುದು ಕರಡಿಯಲ್ಲ, ಮುಳ್ಳು. ಜಾಲಿ ಮುಳ್ಳು ಕಣ್ಣಿಗೆ ಕಾಣುತ್ತದೆ, ನೆಗ್ಗಿಲು ಕಾಣುವುದಿಲ್ಲ. ಮಳೆ ಮುಗಿದ ಮೇಲೆ ನೆಲಕ್ಕೆ ಹರಡಿಕೊಂಡ ಆ ಬಳ್ಳಿಯ ಕಾಯಿ ಒಣಗಿ ಒಡೆಯುತ್ತದೆ, ಹೇಗೆ ಬಿದ್ದರೂ ಅದರ ಒಂದು ಮೊನೆ ಮೇಲ್ಮುಖವಾಗಿಯೇ ನಿಲ್ಲುತ್ತದೆ. ಟೈರಿಗೆ ಚುಚ್ಚಿದ್ದು ತಿಳಿದ ಕೂಡಲೇ ಕೀಳಬೇಡಿ, ನೆರಳಿಗೆ ಬಂದು ಕೀಳಿ. ಕಿತ್ತ ತಕ್ಷಣ ಗಾಳಿ ಹೋಗಿಬಿಡುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿದ ಮೇಲೆ ಟೈರಿನ ಒಳಮೈಯನ್ನು ಬೆರಳಿನಿಂದ ಒಂದು ಸುತ್ತು ಮೆಲ್ಲಗೆ ಸವರಿ ನೋಡಿ. ಉಳಿದ ಮೊನೆಯೊಂದು ಸಿಕ್ಕೇ ಸಿಗುತ್ತದೆ; ಅದನ್ನು ಬಿಟ್ಟರೆ ಒಂದು ಮೈಲಿಯಲ್ಲಿ ಮತ್ತೆ ಪಂಕ್ಚರ್. ಪಂಪು, ಸೊಲ್ಯೂಷನ್, ಒಂದು ಹೆಚ್ಚುವರಿ ಟ್ಯೂಬು ಜೊತೆಗಿರಲಿ.

ಇಂಗ್ಲೆಂಡಿನವರು ಹೇಳಿದ ಬಯಲಿನ ಮಾತು ಓದಿ ನನಗೆ ನಮ್ಮ ಅಮೃತ್ ಮಹಲ್ ಕಾವಲುಗಳೇ ನೆನಪಾದವು. ಅವೂ ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಕಾದಿರಿಸಿದ ಹುಲ್ಲುಗಾವಲುಗಳು. ಕುದಾಪುರದ ಕಡೆ ಬಹುಭಾಗ ಸಂಶೋಧನಾ ಸಂಸ್ಥೆಗಳಿಗೆ ಹಂಚಿಕೆಯಾಗಿ ಗೋಡೆ ಎದ್ದಿದೆ, ಅಲ್ಲಿಗೆ ಹೋಗಲಾಗದು. ಉಳಿದೆಡೆ ಕುರಿಗಾಹಿಗಳನ್ನು ಕೇಳಿ, ಬಂಡಿ ಜಾಡಿನಲ್ಲೇ ಹೋಗಿ. ಇವುಗಳನ್ನು ಬರಡು ಭೂಮಿ ಎಂದು ದಾಖಲೆಯಲ್ಲಿ ಬರೆಯುವುದು ನನಗೆ ನೋವಿನ ಸಂಗತಿ, ಏಕೆಂದರೆ ಇಷ್ಟು ಜೀವ ತುಂಬಿದ ನೆಲ ಬೇರೆಲ್ಲಿದೆ? ತಂಗಡಿ ಹೂವು, ಬಾದೆ ಹುಲ್ಲು, ಗುಂಪಾಗಿ ಓಡುವ ಗೌಜಲ ಹಕ್ಕಿ, ಎಲ್ಲವೂ ಸೈಕಲ್ಲಿನ ನಿಧಾನಕ್ಕೆ ಮಾತ್ರ ಕಾಣುವಂಥವು.

ಬೇಸಿಗೆಯಲ್ಲಿ ಹೋದರೆ ಟಿಟ್ಟಿಭ ತಲೆಯ ಮೇಲೆ ಸುತ್ತುತ್ತ ಕಿರುಚುವುದನ್ನು ಕೇಳುತ್ತೀರಿ. ಹಾಗೆ ಕಿರುಚಿದರೆ ಮೊಟ್ಟೆ ಸಮೀಪದಲ್ಲೇ ಇದೆ ಎಂದರ್ಥ. ಗರಸಿನ ನಡುವೆ ಒಂದು ತಗ್ಗು, ಅದರಲ್ಲಿ ಮಣ್ಣುಬಣ್ಣಕ್ಕೆ ಕಪ್ಪು ಚುಕ್ಕೆಯಿರುವ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖವಾಗಿ. ಕಲ್ಲಿನ ಹರಳೆಂದೇ ಕಾಣುತ್ತವೆ. ಇಳಿದು ಸೈಕಲ್ ತಳ್ಳಿಕೊಂಡು ಬಂದ ಜಾಡಿನಲ್ಲೇ ಹಿಂದಕ್ಕೆ ಹೋಗಿ, ಫೋಟೋಗಾಗಿ ನಿಲ್ಲಬೇಡಿ. ತಾಯಿ ಎದ್ದುಹೋದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಮಗಳಿಗೆ ಇದನ್ನು ಹೊರಡುವ ಮೊದಲೇ ಹೇಳಿಕೊಡಿ.